ಪಿ.ಟಿ. ಟೀಚರ್ ಒಬ್ಬರು ರಾಷ್ಟ್ರೀಯ ಫುಟ್‌ಬಾಲ್ ತಂಡದ ಕೋಚ್ ಆಗಬಹುದಾ?

ಬಿ.ಪಿ.ಎಡ್. ಮುಗಿಸಿ ಶಾಲೆಗೆ ಸೇರಿದ್ದೇನೆ, ಕಾಲೇಜು ತಂಡದಲ್ಲಿ ಮಾತ್ರ ಆಡಿದ್ದೇನೆ, ಮುಂದೆ ಮಹಿಳಾ ರಾಷ್ಟ್ರೀಯ ತಂಡದ ಕೋಚ್ ಆಗಲು ಸಾಧ್ಯವಾ ಅಂತ ಕೇಳಿದ್ದೀರಿ. ನಾನೂ ಪಿ.ಟಿ. ಟೀಚರೇ. ಹೈಸ್ಕೂಲ್ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ನಮ್ಮಂಥದೇ ಕೆಲಸದಲ್ಲಿದ್ದು ಅಲ್ಲಿವರೆಗೆ ಹೋದ ಒಬ್ಬರಿದ್ದಾರೆ, ಇಂಗ್ಲೆಂಡ್ ಮಹಿಳಾ ತಂಡದ ಕೋಚ್ ಸರೀನಾ ವೀಗ್‌ಮನ್.

ಅವರು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದವರು, ಹುಟ್ಟಿದ್ದು 1969ರಲ್ಲಿ. ಆಗ ಅಲ್ಲಿ ಹುಡುಗಿಯರು ಫುಟ್‌ಬಾಲ್ ಆಡುವುದೇ ಸರಿಯಲ್ಲ ಅನ್ನುವ ಕಾಲ. ಕೂದಲು ಗಿಡ್ಡ ಮಾಡಿಸಿಕೊಂಡು, ತನ್ನ ಅವಳಿ ಸಹೋದರನ ಜೊತೆ ಹುಡುಗರ ತಂಡದಲ್ಲೇ ಆಡಿದರು. 1989ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಹೋದಾಗ ಹುಡುಗಿಯರಿಗೆ ಒಳ್ಳೆ ಮೈದಾನ, ಒಳ್ಳೆ ತರಬೇತಿ ಎಲ್ಲಾ ಇರುವುದನ್ನು ಕಣ್ಣಾರೆ ಕಂಡರು. ಇದು ನಮ್ಮೂರಲ್ಲೂ ಆಗಬೇಕು ಅನ್ನುವ ಆಸೆ ಅಲ್ಲಿಂದಲೇ ಬಂದದ್ದು. ಊರಿಗೆ ಮರಳಿ ದೇಶದ ತಂಡದ ಕ್ಯಾಪ್ಟನ್ ಆದರು. ಆದರೆ ಆ ಆಟದಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಅದಕ್ಕೇ ಶಾಲೆಯಲ್ಲಿ ಪಿ.ಟಿ. ಪಾಠ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ದೇಶಕ್ಕೆ ಆಡಿದ್ದು ಅವರಿಗೆ ದೊಡ್ಡ ಬಲವೇ. ನಿಮಗೂ ನನಗೂ ಅದಿಲ್ಲ. ಆದರೂ ಕೋಚ್ ಕುರ್ಚಿ ಅವರಿಗೆ ಸುಮ್ನೆ ಸಿಗಲಿಲ್ಲ. 2006ರಲ್ಲಿ ತೆರ್ ಲೇಡೆ ಕ್ಲಬ್, 2007ರಿಂದ ಏಳು ವರ್ಷ ಎಡಿಒ ಡೆನ್ ಹಾಗ್, ಆಮೇಲೆ ರಾಷ್ಟ್ರೀಯ ತಂಡದಲ್ಲಿ ಸಹಾಯಕ ಕೋಚ್. ಕೋಚ್‌ಗಳಿಗೆ ಎಲ್ಲಕ್ಕಿಂತ ಮೇಲಿನ ಪ್ರೊ ಲೈಸೆನ್ಸ್ ಕೈಗೆ ಬಂದದ್ದು 2016ರಲ್ಲಿ, ಅದೂ ಆ ದೇಶದಲ್ಲಿ ಮೂರನೇ ಮಹಿಳೆಯಾಗಿ. ಮುಖ್ಯ ಕೋಚ್ ಆದಾಗ ತವರಿನಲ್ಲಿ ನಡೆಯಲಿದ್ದ ಯುರೋ (ಯುರೋಪಿನ ದೇಶಗಳ ಕಪ್) ಟೂರ್ನಿಗೆ ಉಳಿದಿದ್ದು ಆರೇಳು ತಿಂಗಳು. 2017ರ ಆ ಟೂರ್ನಿಯಲ್ಲಿ ಆರಕ್ಕೆ ಆರೂ ಪಂದ್ಯ ಗೆದ್ದರು. 2022 ಮತ್ತು 2025ರಲ್ಲಿ ಇಂಗ್ಲೆಂಡಿಗೂ ಅದೇ ಕಪ್ ಗೆದ್ದುಕೊಟ್ಟರು. 2019 ಮತ್ತು 2023ರ ವಿಶ್ವಕಪ್‌ಗಳಲ್ಲಿ ಮಾತ್ರ ಫೈನಲ್‌ನಲ್ಲಿ ಸೋತರು.

ನಾನು ಅವರಿಂದ ಕಲಿತದ್ದು 2022ರ ಫೈನಲ್‌ನಲ್ಲಿ. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ 87,192 ಜನ, ಎದುರಿಗೆ ಜರ್ಮನಿ. ಆ ಟೂರ್ನಿಯ ಆರೂ ಪಂದ್ಯಕ್ಕೆ ಅವರು ಅದೇ ಹನ್ನೊಂದು ಜನರನ್ನು ಇಳಿಸಿದ್ದರು. ಹಾಗಾದರೆ ಬೆಂಚಿನಲ್ಲಿ ಕೂತವರ ಗತಿ? ಆ ದಿನದ ಎರಡೂ ಗೋಲು ಬೆಂಚಿನಿಂದ ಎದ್ದು ಬಂದವರದ್ದೇ. ಎಲಾ ಟೂನ್ 56ನೇ ನಿಮಿಷಕ್ಕೆ ಬಂದು 62ಕ್ಕೆ ಹೊಡೆದರು. ಕ್ಲೋಯಿ ಕೆಲ್ಲಿ 110ನೇ ನಿಮಿಷದಲ್ಲಿ. ಸೀಟಿ ಊದಿದ ಮೇಲೆ ವೀಗ್‌ಮನ್ ತಮ್ಮ ಕೈಯಲ್ಲಿದ್ದ ಪುಟ್ಟ ಬಳೆಗೆ ಮುತ್ತಿಟ್ಟರು. ಅದು ಕೆಲವೇ ವಾರಗಳ ಹಿಂದೆ ತೀರಿಕೊಂಡ ಅವರ ಸಹೋದರಿಯದ್ದು. ನಮ್ಮಲ್ಲಿ ಆಗ ನಡುರಾತ್ರಿ ಹತ್ತಿರ, ನನಗೆ ಕಣ್ಣು ತುಂಬಿ ಬಂತು.

ಅಲ್ಲಿಯವರೆಗೆ ನಾನು ಬೆಂಚಿನ ಹುಡುಗಿಯರ ಕಡೆ ಅಷ್ಟಾಗಿ ನೋಡುತ್ತಿರಲಿಲ್ಲ. ಒಬ್ಬಳಂತೂ ಇಡೀ ಪಂದ್ಯ ಶೂ ಲೇಸ್ ಬಿಚ್ಚಿ ಕಟ್ಟುತ್ತಾ ಕೂತಿರುತ್ತಿದ್ದಳು. ಈಗ ಪಂದ್ಯಕ್ಕೆ ಮೊದಲೇ ಹೇಳುತ್ತೇನೆ: "ಸೆಕೆಂಡ್ ಹಾಫ್‌ನಲ್ಲಿ ಅವರ ಡಿಫೆಂಡರ್ ಸುಸ್ತಾಗ್ತಾಳೆ, ಆಗ ನಿನ್ನ ಇಳಿಸ್ತೀನಿ, ಅವಳ ಎಡಗಡೆ ಓಡು." ಅವಳೀಗ ಆ ಡಿಫೆಂಡರ್ ಮೇಲಿಂದ ಕಣ್ಣು ತೆಗೆಯುವುದಿಲ್ಲ.

ನಮ್ಮ ದೇಶದಲ್ಲೂ ದಾರಿ ಇದೆ. ಗೋವಾದ ಮೇಮೊಲ್ ರಾಕಿ ಭಾರತಕ್ಕೆ ಆಡಿ, 2017ರಲ್ಲಿ ಮುಖ್ಯ ಕೋಚ್ ಆದರು. ಲೈಸೆನ್ಸ್ ಡಿ ಇಂದ ಶುರುವಾಗಿ ಸಿ, ಬಿ, ಎ, ಪ್ರೊ ಅಂತ ಮೇಲೆ ಹೋಗುತ್ತದೆ. ವರ್ಷಗಳು ಜಾಸ್ತಿ ಹಿಡಿಯುತ್ತವೆ, ಈಗಲೇ ಡಿಗೆ ಅರ್ಜಿ ಹಾಕಿ. ಅಂದಹಾಗೆ, ನಿಮ್ಮ ಶಾಲೆಯಲ್ಲಿ ಹುಡುಗಿಯರ ತಂಡ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಕಟ್ಟಿ. ಕೋರ್ಸಿನಲ್ಲಿ ಕಲಿತದ್ದನ್ನು ಮಾರನೇ ದಿನವೇ ಆಡಿಸಿ ನೋಡಬೇಕಲ್ವಾ.