ಹಲಸೂರು ಹುಡುಕಿದರೆ ಹೊಸೂರು ಏಕೆ ಸಿಗುತ್ತದೆ?

ಪ್ರಶ್ನೆ: ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯನ್ನು ಮನೆಮನೆಗೆ ತಲುಪಿಸುವ ಸಣ್ಣ ವ್ಯಾಪಾರ ನಮ್ಮದು. ಕಂಪ್ಯೂಟರಿನಲ್ಲಿ ಹನ್ನೆರಡು ಸಾವಿರ ವಿಳಾಸಗಳಿವೆ. ಎಲ್ಲವೂ ಕನ್ನಡದಲ್ಲಿವೆ, ಟೈಪ್ ಮಾಡಿದವರು ಹಲವರು. ಒಂದೇ ಬಡಾವಣೆಯನ್ನು ಒಬ್ಬರು ಹಲಸೂರು, ಇನ್ನೊಬ್ಬರು ಅಲಸೂರು, ಮತ್ತೊಬ್ಬರು ಉಲ್ಸೂರು ಎಂದು ಬರೆದಿದ್ದಾರೆ. ಒಂದು ಅಕ್ಷರದ ತಪ್ಪನ್ನು ಮನ್ನಿಸುವ ಹುಡುಕಾಟವನ್ನು ಮಗ ಬರೆದುಕೊಟ್ಟ. ಈಗ ಹಲಸೂರು ಎಂದು ಹುಡುಕಿದರೆ ಹೊಸೂರು ರಸ್ತೆಯ ವಿಳಾಸಗಳು ಬರುತ್ತವೆ, ಉಲ್ಸೂರು ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ವಿಧಾನ ಇದೆಯೇ?
— ಓದುಗರು, ಚಾಮರಾಜಪೇಟೆ

ಉತ್ತರ: ನಿಮ್ಮ ಮಗ ಆರಿಸಿಕೊಂಡ ವಿಧಾನದಲ್ಲಿ ದೋಷವಿಲ್ಲ. ಅದು ಯಾವುದನ್ನು ಒಂದು ಅಕ್ಷರವೆಂದು ಎಣಿಸುತ್ತಿದೆ ಎಂಬಲ್ಲಿ ತೊಡಕಿದೆ.

ಒಂದು ಪದವನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಲೆಕ್ಕವೇ ಆ ಪದಗಳ ನಡುವಿನ ಅಂತರ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲಿ ಇದನ್ನು ಮುಂದಿಟ್ಟಾಗ ಅವರೆದುರು ಇದ್ದದ್ದು ಸೊನ್ನೆ ಮತ್ತು ಒಂದುಗಳ ಸಾಲು. ಅಲ್ಲಿ ಅಕ್ಷರ ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕನ್ನಡದಲ್ಲಿ ಮೊದಲು ಏಳುವ ಪ್ರಶ್ನೆಯೇ ಅದು.

ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಸಂಕೇತಗಳಾಗಿ ಇಡುವ ಯುನಿಕೋಡ್ ಪದ್ಧತಿ ಹಲಸೂರನ್ನು ಆರು ತುಂಡುಗಳಾಗಿ ಇಡುತ್ತದೆ: ಹ, ಲ, ಸ, ಊ-ಕಾರದ ಚಿಹ್ನೆ, ರ, ಉ-ಕಾರದ ಚಿಹ್ನೆ. ಹೊಸೂರಿನದೂ ಆರೇ ತುಂಡು. ಎರಡನೆಯ ಜಾಗದಲ್ಲಿ ಲ ಹೋಗಿ ಒ-ಕಾರದ ಚಿಹ್ನೆ ಬಂದರೆ ಹಲಸೂರು ಹೊಸೂರಾಗುತ್ತದೆ, ಅಂತರ 1. ಉಲ್ಸೂರು ಆಗಬೇಕಾದರೆ ಹ ಹೋಗಿ ಉ ಬರಬೇಕು, ಲ-ಗೆ ಹಲಂತದ ಗುರುತು ಸೇರಬೇಕು, ಅಂತರ 2. ಹಾಗಾಗಿ ಯಂತ್ರದ ಪಾಲಿಗೆ ಹೊಸೂರೇ ಹತ್ತಿರ. ಗುಣಿತಾಕ್ಷರ, ಒತ್ತಕ್ಷರಗಳನ್ನು ಇಡಿಯಾಗಿ ಒಂದೊಂದೆಂದು ಎಣಿಸಿದರೂ ಪ್ರಯೋಜನವಿಲ್ಲ. ಹ-ಲ-ಸೂ-ರು ಎಂಬುದಕ್ಕೆ ಹೊ-ಸೂ-ರು 2 ಹೆಜ್ಜೆ ದೂರ, ಉ-ಲ್ಸೂ-ರು 3 ಹೆಜ್ಜೆ.

ಶಾಲೆಯಲ್ಲಿ ವ್ಯಾಕರಣದ ಮೇಷ್ಟ್ರು ಪದವನ್ನು ಬಿಡಿಸಿ ಬರೆಸುತ್ತಿದ್ದರಲ್ಲ, ಹ್+ಅ+ಲ್+ಅ+ಸ್+ಊ+ರ್+ಉ ಎಂದು, ಇಲ್ಲಿ ಬೇಕಾಗಿರುವುದು ಅದೇ. ಹಾಗೆ ಬಿಡಿಸಿದರೆ ಹೊಸೂರು, ಉಲ್ಸೂರು ಎರಡೂ 3 ಹೆಜ್ಜೆ ದೂರದಲ್ಲಿ ಸಮನಾಗಿ ನಿಲ್ಲುತ್ತವೆ. ಇನ್ನು ಎಲ್ಲ ತಪ್ಪಿಗೂ ಒಂದೇ ಬೆಲೆ ಹಾಕುವುದನ್ನು ಬಿಡಿ. ಸ್ವರ ಬಿದ್ದುಹೋದರೆ 0.3, ಒಂದು ಸ್ವರ ಇನ್ನೊಂದಾದರೆ 0.5, ಪದದ ಮೊದಲ ಹಕಾರ ಜಾರಿದರೆ 0.3, ಉಳಿದಂತೆ ವ್ಯಂಜನ ಬಿದ್ದರೂ ಬದಲಾದರೂ 1 ಎಂದಿಡಿ. ಪದಕ್ಕೆ ಪದ ಹೋಲಿಸಿದಾಗ ಅಲಸೂರು 0.3ಕ್ಕೆ, ಉಲ್ಸೂರು 1.1ಕ್ಕೆ, ಹೊಸೂರು 1.8ಕ್ಕೆ ನಿಲ್ಲುತ್ತದೆ. ಮಿತಿಯನ್ನು 1.2 ಎಂದಿಟ್ಟರೆ ನಿಮಗೆ ಬೇಕಾದದ್ದು ಮಾತ್ರ ಬರುತ್ತದೆ. ಶ-ಷ-ಸ, ಲ-ಳ, ನ-ಣ, ಅಲ್ಪಪ್ರಾಣ-ಮಹಾಪ್ರಾಣಗಳ ಅದಲುಬದಲಿಗೂ ಕಡಿಮೆ ಬೆಲೆ ಸಾಕು. ಈ ಅಂಕಿಗಳು ನನ್ನ ಅಂದಾಜು. ನಿಮ್ಮ ಪಟ್ಟಿಯಿಂದಲೇ ತಪ್ಪಾದ ನೂರು ವಿಳಾಸಗಳನ್ನು ಆರಿಸಿ, ನಿಮ್ಮವರ ಕೈ ಎಲ್ಲಿ ತಪ್ಪುತ್ತದೆ ಎಂದು ನೋಡಿಕೊಂಡು ತಿದ್ದಿಕೊಳ್ಳಿ. ಆ ಒಂದು ಸಂಜೆಯ ಕೆಲಸ ಯಾವ ಹೊಸ ವಿಧಾನಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ.

ಬಿಡಿಸುವ ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತನ್ನಿ. ಕೋರಮಂಗಲದ 'ಕೋ' ಪರದೆಯ ಮೇಲೆ ಒಂದೇ ರೀತಿ ಕಂಡರೂ ಒಳಗೆ ಓ-ಕಾರದ ಒಂದೇ ಚಿಹ್ನೆ ಇರಬಹುದು, ಅಥವಾ ಒ-ಕಾರದ ಚಿಹ್ನೆಯೂ ದೀರ್ಘದ ಗುರುತೂ ಬೇರೆಬೇರೆಯಾಗಿ ಇರಬಹುದು. ಇಂಥ ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದಾಗಿಸುವ ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ಬದಲಿಸಿದರೆ ಎರಡೂ ಒಂದಾಗುತ್ತವೆ. ರಾಜ್‌ಕುಮಾರ್ ರಸ್ತೆ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿರುತ್ತದೆ. ಅದನ್ನು ತೆಗೆದುಹಾಕದಿದ್ದರೆ ಕಾಣದ ಆ ಗುರುತೇ ಒಂದು ತಪ್ಪಾಗಿ ಎಣಿಕೆಗೆ ಬರುತ್ತದೆ.

ಉದ್ದದ ವಿಳಾಸದೊಳಗೆ ಪದ ಎಲ್ಲಿದ್ದರೂ ಸಿಗಬೇಕಾದರೆ ಪೀಟರ್ ಸೆಲ್ಲರ್ಸ್ 1980ರಲ್ಲಿ ತೋರಿಸಿದ ಉಪಾಯವಿದೆ. ಅಂತರವನ್ನು ಚೌಕಚೌಕವಾಗಿ ತುಂಬುತ್ತ ಲೆಕ್ಕ ಹಾಕುವ ಕೋಷ್ಟಕದಲ್ಲಿ ಹುಡುಕುವ ಪದವನ್ನು ಮೇಲಿನಿಂದ ಕೆಳಕ್ಕೆ, ವಿಳಾಸವನ್ನು ಅಡ್ಡಲಾಗಿ ಬರೆದು, ಮೇಲಿನ ಸಾಲಿನ ತುಂಬ ಸೊನ್ನೆ ಇಡಿ. ಆಗ ಪದ ವಿಳಾಸದ ಯಾವ ಜಾಗದಿಂದಲಾದರೂ ಶುರುವಾಗಬಹುದು. ಕೊನೆಯ ಸಾಲಿನಲ್ಲಿ ಮಿತಿಯೊಳಗಿನ ಸಂಖ್ಯೆ ಎಲ್ಲಿ ಕಂಡಿತೋ ಅಲ್ಲಿ ಪದ ಮುಗಿದಿದೆ ಎಂದರ್ಥ.

ವೇಗದ ಚಿಂತೆ ನಿಮಗೆ ಬೇಡ. ಇಡೀ ಕೋಷ್ಟಕದ ಲೆಕ್ಕವನ್ನು ಸೊನ್ನೆ-ಒಂದುಗಳಾದ ಬಿಟ್‌ಗಳಲ್ಲಿ ಅಡಕಮಾಡುವ ಜೀನ್ ಮೈಯರ್ಸ್ ಅವರ 1999ರ ವಿಧಾನ ಬಹಳ ಸೊಗಸಾದದ್ದು, ಆದರೆ ಅದು ಪ್ರತಿ ತಪ್ಪಿಗೂ ಒಂದೇ ಬೆಲೆ ಎಂದುಕೊಂಡು ನಡೆಯುತ್ತದೆ, ಹಾಗಾಗಿ ಇಲ್ಲಿ ಹೊಂದದು. ನಿಮಗೆ ಸಾದಾ ಕೋಷ್ಟಕವೇ ಸಾಕು. ಬಿಡಿಸಿದ ವಿಳಾಸಕ್ಕೆ ನೂರು ವರ್ಣ, ಹುಡುಕುವ ಪದಕ್ಕೆ ಎಂಟು ಎಂದರೆ, ಹನ್ನೆರಡು ಸಾವಿರ ವಿಳಾಸಕ್ಕೆ ಕೋಷ್ಟಕದ 96 ಲಕ್ಷ ಚೌಕ ತುಂಬಬೇಕು. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರೆ ಸಾಧಾರಣ ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಮನೆ ಸಂಖ್ಯೆ ಮತ್ತು ಪಿನ್‌ಕೋಡನ್ನು ಮಾತ್ರ ಈ ಸಡಿಲ ಹುಡುಕಾಟದಿಂದ ಹೊರಗಿಡಿ. ೧೮ ಎಂದು ಬರೆದದ್ದನ್ನು 18 ಮಾಡಿಕೊಳ್ಳಿ, ಆಮೇಲೆ ಅಂಕಿಗೆ ಅಂಕಿ ಹೊಂದಲೇಬೇಕು. 18ಕ್ಕೂ 78ಕ್ಕೂ ಇರುವ ಅಂತರ ಒಂದೇ, ಉಪ್ಪಿನಕಾಯಿ ಭರಣಿ ಮಾತ್ರ ಬೇರೆ ಮನೆ ಸೇರುತ್ತದೆ.