ಪುಡಿಯ ಬಣ್ಣಕ್ಕೆ ಎರಡು ಪುಟ ಬೇಕೆ?

ಓದುಗರೊಬ್ಬರ ಪತ್ರ: ‘ಕಾಡಿನಲ್ಲಿ ಬದುಕುಳಿಯುವ ವಿದ್ಯೆ ಕುರಿತು ನೀವು ಹೊಗಳಿದ ಪುಸ್ತಕ ತರಿಸಿ ಓದಿದೆ. ಸಾಹಸ ಇರುತ್ತದೆ ಅಂದುಕೊಂಡರೆ ಬರೀ ಕೋಲಿನ ಅಳತೆ, ಎಲೆಯ ದಪ್ಪ! ಮರದ ಪುಡಿಯ ಬಣ್ಣಕ್ಕೇ ಎರಡು ಪುಟ. ಗೆಳೆಯರೂ ಅರ್ಧಕ್ಕೇ ಕೆಳಗಿಟ್ಟರು. ಯಾರಿಗಾಗಿ ಬರೆದದ್ದು ಇದು?’

ಉತ್ತರ: ಒಪ್ಪಿದೆ, ಆ ಲೇಖಕರ ಗದ್ಯ ಒಣಕಟ್ಟಿಗೆಯೇ. ಸಾಲದ್ದಕ್ಕೆ, ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿನಿಂದ ನೀರು ಹಿಡಿಯುವ ಹಳೆಯ ಉಪಾಯವನ್ನೂ ತುರುಕಿದ್ದಾರೆ; ತೋಡುವವನು ಸುರಿಸಿದ ಬೆವರಿನಷ್ಟು ನೀರೂ ಅದರಲ್ಲಿ ಸಿಗುವುದು ಕಷ್ಟ. ನಿಮ್ಮ ಪಾಲಿನ ನ್ಯಾಯ ಇಲ್ಲಿಗೆ ಮುಗಿಯಿತು.

ಇನ್ನು ಪುಡಿಯ ಬಣ್ಣ. ಬೆಂಕಿ ಹುಟ್ಟಿಸಲು ಬಿಲ್ಲಿನ ಹಗ್ಗ ಸುತ್ತಿದ ಕಡ್ಡಿಯನ್ನು ಮರದ ಹಲಗೆಯ ಕುಳಿಯಲ್ಲಿ ತಿರುಗಿಸಿದರೆ ಹೊಗೆ ಎಲ್ಲರಿಗೂ ಬರುತ್ತದೆ, ಕೆಂಡ ಕೆಲವರಿಗೆ ಮಾತ್ರ. ಹಲಗೆಯ ಕುಳಿಯ ಅಂಚಿನಿಂದ ಹೆಚ್ಚುಕಡಿಮೆ ನಡುವಿನವರೆಗೆ, ವೃತ್ತದ ಎಂಟರಲ್ಲೊಂದು ಪಾಲಿನಷ್ಟು, ಸೀಳು ಕೊರೆಯದಿದ್ದರೆ ಬಿಸಿಪುಡಿ ಗುಡ್ಡೆಯಾಗದೆ ಚೆಲ್ಲಿಹೋಗುತ್ತದೆ. ಪುಡಿ ತಿಳಿಕಂದಾಗಿ ಬಿದ್ದರೆ ಒತ್ತಡವೋ ವೇಗವೋ ಸಾಲದು. ಕಪ್ಪಗೆ, ನುಣ್ಣಗೆ ಬಿದ್ದರೆ ಸರಿ. ಕಡ್ಡಿಯ ತುದಿ ಹೊಳೆಯುತ್ತ ಕಿರುಗುಟ್ಟಿದರೆ ಅದು ಸವೆಯುತ್ತಿಲ್ಲ, ಬರೀ ನುಣುಪಾಗುತ್ತಿದೆ. ತುದಿ ಕೆರೆಯಬೇಕು, ಇಲ್ಲವೇ ಚಿಟಿಕೆ ಮರಳು ಹಾಕಬೇಕು. ಜಿಡ್ಡು ಸವರುವುದು ಮೇಲ್ತುದಿಗೆ, ಅಂಗೈಯಲ್ಲಿ ಹಿಡಿದು ಕಡ್ಡಿಯನ್ನು ಒತ್ತುವ ತುಂಡಿಗೆ ತಾಗುವ ಕಡೆಗೆ. ಕೆಳಗೆ ತಾಗಿತೋ, ಆ ಕುಳಿ ಕೆಟ್ಟಂತೆಯೇ. ಇಷ್ಟನ್ನೆಲ್ಲ ಎರಡೇ ಪುಟಕ್ಕೆ ಮುಗಿಸಿದ್ದು ಜಿಪುಣತನ ಅಂತಲೇ ನನ್ನ ತಕರಾರು.

ಎಲೆಯ ದಪ್ಪವೂ ಅಷ್ಟೆ. ಮಲಗಿದವನ ಮೈಬಿಸಿಯನ್ನು ನೆಲ ಸದ್ದಿಲ್ಲದೆ ಹೀರುತ್ತದೆ. ಹಾಸಿದ ಒಣ ಎಲೆ ಮೈಭಾರಕ್ಕೆ ಕುಸಿಯುತ್ತದೆ, ಕುಸಿದ ಮೇಲೂ ಗೇಣು ದಪ್ಪ ಉಳಿಯಬೇಕು. ದೇಹದೊಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೆರಳು ಗಂಟು ಹಾಕಲಾರದು, ಬುದ್ಧಿ ಮಂಕಾಗುತ್ತದೆ. ಆಮೇಲೆ ಸಾಹಸ ಮಾಡುವವರು ಯಾರು ಸ್ವಾಮಿ?

ನಮಗೆ ಹೊರಟವರ ಕತೆ ಬೇಕು, ಕಾದವರದ್ದು ಬೇಡ. ಅಂಟಾರ್ಕ್ಟಿಕದ ಹಿಮದಲ್ಲಿ ಹಡಗು ಕಳೆದುಕೊಂಡ ಅನ್ವೇಷಕ ಶ್ಯಾಕಲ್‌ಟನ್ 1916ರಲ್ಲಿ ನೆರವು ತರಲೆಂದು ಐವರೊಡನೆ ಪುಟ್ಟ ದೋಣಿಯಲ್ಲಿ ಸಾಗರ ದಾಟಿದ್ದನ್ನು ಹೊಗಳದವರಿಲ್ಲ. ಅವನು ಹೊರಟ ಎಲಿಫೆಂಟ್ ದ್ವೀಪದಲ್ಲೇ ಉಳಿದು, ಎರಡು ದೋಣಿ ಬೋರಲು ಹಾಕಿ, ಅದರಡಿ ನಾಲ್ಕು ತಿಂಗಳಿಗೂ ಹೆಚ್ಚು ಕಾದ 22 ಮಂದಿಯ ವಿಷಯ ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಇಂದೇ ಹಡಗು ಬಂದೀತು ಎಂದು ಅವರ ಮುಖಂಡ ಫ್ರಾಂಕ್ ವೈಲ್ಡ್ ಬೆಳಬೆಳಿಗ್ಗೆ ಅವರಿಂದ ಹಾಸಿಗೆ ಸುತ್ತಿಸುತ್ತಿದ್ದ. ಅಷ್ಟೂ ಜನ ಬದುಕಿ ಬಂದರು.

ಪ್ರಕಾಶಕರೂ ನಿಮ್ಮಂಥವರ ರುಚಿ ನೋಡಿಯೇ ಬಡಿಸುತ್ತಾರೆ. ಮುಖಪುಟಕ್ಕೆ ಮೊಳದುದ್ದದ ಚಾಕು, ಒಳಗೆ ಹಾವು ಕಚ್ಚಿದ ಜಾಗ ಕೊಯ್ದು ಹೀರುವ ಚಿತ್ರ. ಕೊಯ್ಯಲೂಬಾರದು, ಹೀರಲೂಬಾರದು, ಬಿಗಿದು ಕಟ್ಟಲೂಬಾರದು. ಕಚ್ಚಿಸಿಕೊಂಡ ಅಂಗ ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಒಯ್ಯಬೇಕು. ಇಂಥ ಪುಸ್ತಕಗಳಿಗೆ ಪದಸೂಚಿಯಂತೂ ಇರುವುದೇ ಇಲ್ಲ. ಗಾಬರಿಯಲ್ಲಿ ‘ಹಾವು’ ಹುಡುಕುವವನು ಇಡೀ ಪುಸ್ತಕ ಮಗುಚಬೇಕೆ? ನಿಮ್ಮ ಗೆಳೆಯರು ಕೆಳಗಿಟ್ಟರಲ್ಲ, ಆ ಪುಸ್ತಕದ ಕೊನೆಗೆ ಎಂಟು ಪುಟದ ಪದಸೂಚಿ ಇದೆ. ಅದನ್ನೂ ಬೇಸರದ ಲೆಕ್ಕಕ್ಕೇ ಸೇರಿಸಿದ್ದೀರೇನೋ!