ಬಾತ್‌ರೂಮಿನ ಕಪ್ಪು ಬೂಷ್ಟು

ಪ್ರಶ್ನೆ: ನಮ್ಮದು ಮಂಗಳೂರು ಬಿಜೈಯ ಹಳೇ ಫ್ಲ್ಯಾಟ್. ಮಳೆಗಾಲ ಬಂತೆಂದರೆ ಬಾತ್‌ರೂಮಿನ ಸೀಲಿಂಗ್ ತುಂಬಾ ಕಪ್ಪು ಬೂಷ್ಟು. ಪೇಂಟ್ ಹೊಡೆಸಿದರೂ ಮತ್ತೆ ಬರುತ್ತದೆ. ಏನು ಮಾಡುವುದು?

ಉತ್ತರ: ಮೊದಲು ಪೇಂಟಿನ ದುಡ್ಡು ಉಳಿಸಿ. ಅದು ಬೂಷ್ಟನ್ನು ಸುಮ್ನೆ ಮುಚ್ಚುತ್ತದೆ ಅಷ್ಟೇ. ನೀರು ಎಲ್ಲಿಂದ ಬರುತ್ತಿದೆ ನೋಡಿ. ಕಲೆ ಒಂದೇ ಕಡೆ ಇದ್ದು ಏಪ್ರಿಲ್ ಬಿಸಿಲಿನಲ್ಲೂ ಒದ್ದೆಯಾಗಿದ್ದರೆ, ಮೇಲಿನ ಮನೆಯ ಪೈಪಿನಿಂದಲೋ ಟೈಲ್ಸ್ ಸಂದಿನಿಂದಲೋ ಸೋರುತ್ತಿರಬಹುದು. ಅಸೋಸಿಯೇಷನ್‌ಗೆ ಹೇಳಿ ಅದನ್ನು ಸರಿಮಾಡಿಸದೆ ನೀವು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಸೀಲಿಂಗ್ ಇಡೀ ಚುಕ್ಕಿ ಚುಕ್ಕಿಯಾಗಿದ್ದರೆ ಬಿಸಿನೀರಿನ ಹಬೆಯೇ ಕಾರಣ ಇರಬೇಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೇ ಒದ್ದೆ ಅಲ್ವಾ, ಕಿಟಕಿ ತೆಗೆದಿಟ್ಟರೆ ಸಾಲದು. ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಸ್ನಾನದ ನಂತರ 20-30 ನಿಮಿಷ ತಿರುಗಲಿ. ಗೋಡೆ, ನೆಲದ ನೀರನ್ನು ವೈಪರ್‌ನಲ್ಲಿ ಎಳೆದುಬಿಡಿ.

ಈಗಿರುವ ಬೂಷ್ಟನ್ನು ಒಣ ಬ್ರಷ್‌ನಲ್ಲಿ ಕೆರೆಯಬೇಡಿ, ಪುಡಿ ಹಾರಿ ಮೂಗಿಗೆ ಹೋಗುತ್ತದೆ, ಮನೆಯಲ್ಲಿ ದಮ್ಮು ಇರುವವರಿದ್ದರೆ ಇನ್ನೂ ಕಷ್ಟ. ಮಾಸ್ಕ್, ಗ್ಲೌಸ್ ಹಾಕಿಕೊಂಡು ಸೋಪುನೀರಿನಲ್ಲಿ ಒರೆಸಿ. ಟೈಲ್ಸ್‌ಗೆ ಬ್ಲೀಚ್ ಆಗುತ್ತದೆ. ಆದರೆ ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಲೇಬೇಡಿ, ವಿಷದ ಕ್ಲೋರಿನ್ ಗ್ಯಾಸ್ ಬರುತ್ತದೆ. ಪೇಂಟ್ ಬೇಕೇ ಬೇಕೆಂದರೆ ಜನವರಿ ನಂತರ, ಗೋಡೆ ಪೂರ್ತಿ ಒಣಗಿದ ಮೇಲೆ ಹೊಡೆಸಿ.